ಕಸ್ತೂರೆವ್ವ ಅಕ್ಕನಿಗೆ ಹಾಡಿ ಅತ್ತದ್ದು

ಮೋರಟಗಿಯಲ್ಲಿ ಕಸ್ತೂರೆವ್ವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವಳು ‘ಮರಾಠಿಯಾಕಿ’. ಗಡಿಯಾಚೆ ಅಕ್ಕಲಕೋಟ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದು ನಲವತ್ತೆರಡು ವರ್ಷವಾದರೂ ಆ ಹೆಸರು ಬೆನ್ನು ಬಿಟ್ಟಿಲ್ಲ. ತವರಿನವರ ಮಾತು ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಗಿಯುತ್ತಿತ್ತು. ಅದು ಕನ್ನಡವೋ, ಮರಾಠಿಯೋ, ಬೇರೆಯದೇ ಭಾಷೆಯೋ ಎಂದು ಓದಿದವರು ಬೇಕಾದರೆ ಜಗಳಾಡಲಿ; ಅವಳಿಗೆ ಅದು ಮನೆಯ ಮಾತು, ಅಷ್ಟೆ. ಹೊಸತರಲ್ಲಿ ಅವಳು ಬಾಯಿ ತೆರೆದರೆ ಹಿರಿಯ ನೆಗೆಣ್ಣಿ ಜಯಮಾಲಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಕಸ್ತೂರೆವ್ವ ಈ ಊರಿನ ಮಾತು ಕಲಿತಳು.

ಆ ಮನೆಯ ಮಾತಾಡಲು ಅವಳಿಗೆ ಉಳಿದವಳು ತವರೂರಲ್ಲೇ ಇದ್ದ ಅಕ್ಕ ಸಾತವ್ವ ಒಬ್ಬಳೇ. ದಿನಾ ಸಂಜೆ ಫೋನಿನಲ್ಲಿ ಅರ್ಧ ತಾಸು ಇಬ್ಬರೂ ಮನಸಾರೆ ಹರಟುತ್ತಿದ್ದರು. “ಅವ್ವನ ರೇಡಿಯೋ ಚಾಲೂ ಆತು” ಎಂದು ಮಗ ಯಲ್ಲಾಲಿಂಗ ಛೇಡಿಸುತ್ತಿದ್ದ.

ಹೋದ ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ಆ ಸೀಮೆಯಲ್ಲಿ ಹೆಣದ ಮುಂದೆ ಸುಮ್ಮನೆ ಅತ್ತರೆ ಸಾಲದು, ಸತ್ತವರ ಗುಣ ಹೇಳಿ ಹಾಡಿ ಅಳಬೇಕು. ಒಡಹುಟ್ಟಿದವಳೇ ಮೊದಲು ಹಾಡಬೇಕು. ಅಕ್ಕನನ್ನು ಅಕ್ಕನ ಮಾತಿನಲ್ಲೇ ಕಳಿಸಿಕೊಡಬೇಕೆಂದು ಕಸ್ತೂರೆವ್ವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಾಲು ಜೋಡಿಸಿಕೊಂಡಳು. ಮುಖ ನೋಡಿದ್ದೇ ತಡ, ಎಲ್ಲ ಹಾರಿಹೋಯಿತು. ಬಾಯಿಂದ ಹೊರಟದ್ದೆಲ್ಲ ಮೋರಟಗಿಯ ಮಾತು.

“ನನ್ನ ಒಬ್ಬಾಕಿನ್ನ ಮಾಡಿ ಹೊಂಟಿಯೇನ ಯಕ್ಕಾ...”

“ಯಾರ್ ಈಕಿ, ಕರ್ನಾಟಕದಾಕಿ?” ಹಿಂದೆ ಯಾರೋ ಹೆಂಗಸು ಕೇಳಿದಳು.

ಹುಟ್ಟಿದ ಮನೆಯ ಅಂಗಳದಲ್ಲಿ ಕಸ್ತೂರೆವ್ವ ಹಾಡನ್ನು ಅರ್ಧಕ್ಕೇ ನಿಲ್ಲಿಸಿದಳು. ಯಾರಾದರೂ ಒಮ್ಮೆ ತನ್ನನ್ನು ಆ ಹಳೆಯ ಮಾತಿನಲ್ಲಿ ಕರೆಯಲಿ ಎಂದು ಜೀವ ಹಂಬಲಿಸುತ್ತಿತ್ತು. ಕರೆಯುವ ಅಕ್ಕನನ್ನು ಎದುರಿಗೇ ಕಣ್ಣು ಮುಚ್ಚಿಸಿ ಕೂರಿಸಿದ್ದರು.

ಮೂರನೆಯ ದಿನ ಮೋರಟಗಿಗೆ ಮರಳಿದಳು. ಸಾವಿಗೆ ಹೋಗಿ ಬಂದವರನ್ನು ಕೇರಿಯ ಹೆಂಗಸರು ಕೊರಳಿಗೆ ಬಿದ್ದು ಅಳಿಸುವುದು ರೂಢಿ. ಮೊದಲು ಬಂದವಳು ಜಯಮಾಲಾ. ಅವಳ ಕೈ ಬೆನ್ನಿಗೆ ತಾಗಿತೋ ಇಲ್ಲವೋ, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಸಾಲುಗಳೆಲ್ಲ ಒಂದೊಂದಾಗಿ, ನನ್ನನ್ನು ಬಿಟ್ಟು ಎಲ್ಲಿ ಹೋದೆ ಎಂದು, ತವರಿನ ಮಾತಿನಲ್ಲೇ ಹೊರಬಂದವು.

“ಮಲಾ ಬಿಟ್ಟು ಕುಠೆ ಹೋದಿ ಗ, ಅಕ್ಕಾ...”

ಈ ಸಲ ಯಾರೂ ನಗಲಿಲ್ಲ. ಹಾಡು ಮುಗಿಯುವವರೆಗೂ ಜಯಮಾಲಾ ಅವಳ ಜೊತೆ ಅತ್ತಳು. ಆಮೇಲೆ ಮೆಲ್ಲಗೆ ಕೇಳಿದಳು: “ಏನಂದಿ ಕಸ್ತೂರಿ? ನನಗ ಪೂರಾ ತಿಳೀಲಿಲ್ಲ.”

“ನಿನಗ ತಿಳೀದಿದ್ರೂ ನಡೀತೈತಿ ಯಕ್ಕಾ,” ಎಂದಳು ಕಸ್ತೂರೆವ್ವ. “ತಿಳಿಯಾಕಿ ನಮ್ಮಕ್ಕ, ಆಕಿಗೇ ಕೇಳಸಲಿಲ್ಲ.”