ತಾರಸಿ ಮೇಲಿನ ಚಪ್ಪರ

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಗಾರೆ ಹೊರುವುದರಿಂದ ಶುರುಮಾಡಿ, ಕರಣೆ ಹಿಡಿದು, ಮೇಸ್ತ್ರಿ ಅನ್ನಿಸಿಕೊಂಡೆ. ಪಾಂಡವಪುರದ ಸುತ್ತ ನಾನು ಕಟ್ಟಿದ ಗೋಡೆಗಳಲ್ಲಿ ಒಂದೂ ಇವತ್ತಿನವರೆಗೆ ವಾಲಿಲ್ಲ. ಇದು ಜಂಬದ ಮಾತು ಅನ್ನುವವರು ಬಂದು ತೂಗುಗುಂಡು ಇಳಿಬಿಟ್ಟು ನೋಡಿಕೊಳ್ಳಲಿ.

ಎಪ್ಪತ್ತರ ದಶಕದಲ್ಲಿ ನಮ್ಮ ಬೀದಿಯ ಮೊದಲ ತಾರಸಿ ಮನೆ ನನ್ನದೇ. ಹೆಂಚು ಇಳಿಸಿ, ಕಂಬಿ ಕಟ್ಟಿ, ಕಾಂಕ್ರೀಟು ಹಾಕಿದ ದಿನ ಬೀದಿಗೆಲ್ಲ ಪಾಯಸ ಹಂಚಿದ್ದೆ. ಬೇಸಿಗೆ ಬಂದಾಗ ಆ ಪಾಯಸದ ರುಚಿ ಇಳಿಯಿತು. ಮಧ್ಯಾಹ್ನದ ಮೇಲೆ ಒಳಗೆ ಕೂರುವ ಹಾಗೇ ಇಲ್ಲ. ಎಲೆಅಡಿಕೆ ಹಾಕಲು ಬಂದಿದ್ದ ಪಕ್ಕದ ಮನೆಯ ಗೆಳೆಯ ಟವಲಿನಿಂದ ಬೀಸಿಕೊಳ್ಳುತ್ತ ಎದ್ದುಬಿಟ್ಟ. "ಮನೆ ಕಟ್ಟಿದ್ದೀಯೋ, ಇಟ್ಟಿಗೆ ಗೂಡು ಕಟ್ಟಿದ್ದೀಯೋ? ಇನ್ನೊಂದು ಗಳಿಗೆ ಕುಂತ್ರೆ ನಾನೂ ಕೆಂಪಗೆ ಬೆಂದೋಯ್ತೀನಿ ಕಣ್ಲಾ!"

ಆ ಮಾತನ್ನು ಹೇಗೋ ನುಂಗಿಕೊಂಡೆ. ಆದರೆ ದೀಪಾವಳಿಯ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಕೆ.ಆರ್. ಪೇಟೆ ಕಡೆಗೆ ಕೊಟ್ಟಿದ್ದ ಮಗಳು ಗರ್ಭಿಣಿ; ಚೊಚ್ಚಲ ಹೆರಿಗೆ, ಯುಗಾದಿ ಕಳೆದ ಮೇಲೆ, ಸರಿಯಾಗಿ ಸುಡುವ ಬಿಸಿಲಿನಲ್ಲಿ. ಹೆಂಡತಿ ಪಾತ್ರೆ ತಿಕ್ಕುತ್ತ, ನನ್ನ ಮುಖ ನೋಡದೆ ಹೇಳಿದಳು: "ಮಗೀನ ಈ ಬಾಣ್ಲೇಲಿ ಉರಿಯಾಕಾಯ್ತದಾ? ಅಕ್ಕಿಹೆಬ್ಬಾಳಲ್ಲಿ ನಮ್ಮಣ್ಣನ ಹೆಂಚಿನ ಮನೆ ಐತೆ. ಬಾಣಂತನ ಅಲ್ಲೇ."

ಊರಿಗೆಲ್ಲ ಮನೆ ಕಟ್ಟಿಕೊಟ್ಟವನ ಮಗಳ ಬಾಣಂತನ ಸೋದರಮಾವನ ಮನೆಯಲ್ಲಿ! ಎರಡು ದಿನ ನನಗೆ ಮುದ್ದೆ ಇಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನ ಲೆಕ್ಚರರೊಬ್ಬರು ನಮ್ಮ ಕಡೆ ಬಂದರು. ಹೆಂಚಿನ ಮನೆ, ತಾರಸಿ ಮನೆಗಳ ಬಿಸಿ ಅಳೆಯುವುದು ಅವರ ಓದು. ತಾರಸಿ ಮನೆ ಅಂತ ನಮ್ಮಲ್ಲಿಗೂ ಬಂದು, ರೂಮಿನ ಗೋಡೆಗೆ ಥರ್ಮಾಮೀಟರು ತೂಗುಹಾಕಿದ್ದನ್ನು ಕಂಡು ನನ್ನ ಅವ್ವ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಗೋಡೆಗೆ ಜರ ಬಂದದಾ ಸಾಮಿ?"

"ಬಂದಿದೆ ಅಜ್ಜಿ. ಔಷಧಿ ಏನು ಅಂತ ಕಂಪ್ಯೂಟರನ್ನ ಕೇಳ್ತೀನಿ," ಅಂದರು ಅವರು.

ಬೆಂಗಳೂರಿನಲ್ಲಿ ಒಂದು ಕೋಣೆ ತುಂಬುವಷ್ಟು ದೊಡ್ಡ ಯಂತ್ರವಂತೆ. ಕಂಡಕ್ಟರು ಟಿಕೇಟಿಗೆ ತೂತು ಹಾಕುವ ಹಾಗೆ ರಟ್ಟಿನ ಚೀಟಿಗಳಿಗೆ ತೂತು ಹಾಕಿ, ಗೋಡೆಯ ದಪ್ಪ, ತಾರಸಿಯ ದಪ್ಪ, ಕಿಟಕಿಯ ಅಳತೆ, ನಮ್ಮೂರ ಬಿಸಿಲು ಎಲ್ಲವನ್ನೂ ಅದಕ್ಕೆ ಉಣಿಸಿದರೆ, ಗಂಟೆಗಂಟೆಗೂ ಒಳಗೆಷ್ಟು ಕಾವು ಅಂತ ಲೆಕ್ಕ ಹಾಕಿ ಕೊಡುತ್ತದಂತೆ. ಹೊಸ ಕಿಟಕಿ ಇಟ್ಟರೆ ಎಷ್ಟು ಇಳಿಯುತ್ತದೆ ಅನ್ನುವುದನ್ನೂ ಹೇಳುತ್ತದಂತೆ. ನಾನು ನಕ್ಕೆ.

"ಕಟ್ಟದೆ ಇರೋ ಕಿಟಕೀಲಿ ಗಾಳಿ ಬತ್ತದಾ ಸಾ?"

"ಲೆಕ್ಕದಲ್ಲಿ ಬರುತ್ತೆ ಮೇಸ್ತ್ರಿ."

ಕೆಲವು ವಾರ ಬಿಟ್ಟು ಸೀರೆಯ ಹಾಗೆ ಮಡಿಸಿದ ಉದ್ದದ ಕಾಗದ ಹಿಡಿದು ಬಂದರು. ಈಗಿರುವ ಕಿಟಕಿಯ ಎದುರು ಗೋಡೆಗೆ ಇನ್ನೊಂದು ಕಿಟಕಿ ಇಟ್ಟು, ಸಂಜೆಯಿಂದ ಎರಡನ್ನೂ ತೆರೆದಿಟ್ಟರೆ ರೂಮು ತಣಿಯುತ್ತದೆ ಅಂದರು. ಮಗಳ ಮುಖ ನೆನೆದು ಸುತ್ತಿಗೆ ಎತ್ತಿದೆ. ನಾನು ಕಟ್ಟಿದ ಗೋಡೆಯನ್ನು ನಾನೇ ಒಡೆದದ್ದು ಅದೇ ಮೊದಲು. ಮೊದಲನೇ ಇಟ್ಟಿಗೆ ಅಲುಗಾಡುವ ಹೊತ್ತಿಗೆ ಬೆವರಿಳಿದು ಹೋಯಿತು. ಸಂಕಟದಲ್ಲೂ ಒಳಗೊಳಗೇ ಹಿಗ್ಗು, ಅಷ್ಟು ಗಟ್ಟಿಯಾಗಿ ಕಟ್ಟಿದ್ದೆನಲ್ಲ!

ಕಿಟಕಿ ಕೂರಿಸಿ, ಕೈತೊಳೆದು ಬಂದು ನೋಡುತ್ತೇನೆ, ಅವ್ವ ಅದಕ್ಕೆ ಗೋಣಿಚೀಲ ತುರುಕುತ್ತಿದ್ದಾಳೆ.

"ಏನ್ಲಾ, ಅಸಿ ಬಾಣಂತಿಗೆ ಗಾಳಿ ಸೋಕಿಸ್ತೀಯಾ? ನಿನ್ನ ಎತ್ತಾಗ ನಾನು ಕಿವಿಗೆ ಅತ್ತಿ ಇಟ್ಕಂಡು, ತಲೆಗೆ ಬಟ್ಟೆ ಕಟ್ಕಂಡು ಮನಗಿದ್ದೆ. ಕಿಟಕಿ ಗಿಟಕಿ ಎಲ್ಲಾ ಮುಚ್ಚಬೇಕು ಅಷ್ಟೇಯ!"

ಹೆಂಡತಿಯೂ ಅತ್ತೆಯ ಪಕ್ಷ. ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದೇ ಅಪರೂಪ.

ಮುಂದಿನ ಸಲ ಬಂದ ಲೆಕ್ಚರರು ಗೋಣಿಚೀಲ ನೋಡಿ, ಕಾರಣ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ತಪ್ಪು ನಂದೇ ಅಜ್ಜಿ. ಯಂತ್ರಕ್ಕೆ ಮನೆ ಬಗ್ಗೆ ಹೇಳಿದೆ, ಬಾಣಂತಿ ಬಗ್ಗೆ ಹೇಳ್ಲೇ ಇಲ್ಲ. ಈಗ ಕಿಟಕಿ ಮುಚ್ಚಿಯೇ ಕೇಳ್ತೀನಿ."

ಈ ಸಲ ತಂದ ಕಾಗದದಲ್ಲಿ ನನ್ನ ಮನೆಯನ್ನು ಅವರು ಹಲವು ಸಲ ಬದಲಿಸಿ ಕಟ್ಟಿದ್ದರು. ತಾರಸಿಗೆ ಸುಣ್ಣ ಬಳಿದು ನೋಡಿದ್ದರು, ಮಣ್ಣು ಹರಡಿ ನೋಡಿದ್ದರು, ಮೇಲೆ ನೆರಳು ಮಾಡಿ ನೋಡಿದ್ದರು. ಒಂದು ಇಟ್ಟಿಗೆಯೂ ಒಡೆದಿರಲಿಲ್ಲ! ಅದನ್ನು ಕಂಡು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯಿತು. ಕಟ್ಟಿ ಮುಗಿಸಿದ ಮೇಲೆ ತಪ್ಪು ತಿಳಿಯುವುದು ನಮ್ಮ ಕಸುಬು. ಕಟ್ಟುವ ಮೊದಲೇ ತಿಳಿಯುವುದು ಇವರದು.

ಕಾವು ಬರುವುದೆಲ್ಲ ತಲೆಯ ಮೇಲಿಂದ. ಸುಣ್ಣ ಬಳಿ, ಅದರ ಮೇಲೆ ನೆರಳು ಮಾಡು, ಅಷ್ಟೇ ಸಾಕು ಅಂದಿತ್ತು ಲೆಕ್ಕ.

ನೆರಳಿಗೆ ನಮಗೇನು ಬರವೇ? ಸುಣ್ಣ ಬಳಿದು, ಬಿದಿರು ನಿಲ್ಲಿಸಿ, ತೆಂಗಿನ ಗರಿ ಹೆಣೆದು, ತಾರಸಿ ಮೇಲೆ ಚಪ್ಪರ ಎಬ್ಬಿಸಿದೆ. ಗೆಳೆಯ ಬೀದಿಯಲ್ಲೇ ನಿಂತು ಕೂಗಿದ: "ಮಗಳ ಮದ್ವೆ ಆಗಿ, ಎರಿಗೆ ಅತ್ರ ಬಂದ ಮ್ಯಾಕೆ ಚಪ್ಪರ ಆಕ್ತಾವ್ನೆ ನೋಡ್ರಪ್ಪೋ! ಅಲ್ಲಿ ಯಾರ್ದ್ಲಾ ಲಗ್ನ, ಕಾಗೆಗಳ್ದಾ?"

"ಊ ಕಣ್ಲಾ, ಉಣ್ಣಾಕೆ ಬಾ, ಮೊದಲ ಪಂಕ್ತೀಲಿ ನಿನ್ನೇ ಕೂರಿಸ್ತೀನಿ!"

ಮಾರನೆಯ ದಿನ ಮಧ್ಯಾಹ್ನ ಕಿಟಕಿಗಳನ್ನೆಲ್ಲ ಮುಚ್ಚಿಸಿದೆ. ಲೆಕ್ಚರರು ಥರ್ಮಾಮೀಟರು ನೋಡಿ ಮುಗುಳ್ನಕ್ಕರು. ನಾನು ನೋಡುತ್ತಿದ್ದದ್ದು ಹೆಂಡತಿಯನ್ನು. ಗೋಡೆಗೆ ಅಂಗೈ ಒತ್ತಿದಳು. ಆ ಮೂಲೆಗೆ ಹೋದಳು, ಈ ಮೂಲೆಗೆ ಬಂದಳು. ಅಷ್ಟರಲ್ಲಿ ಪರೀಕ್ಷೆಗೆಂದು ಚಾಪೆ ಹಾಸಿ ಕೂತಿದ್ದ ಅವ್ವ ಗೊರಕೆ ಹೊಡೆಯುತ್ತಿದ್ದಳು. ಹೆಂಡತಿ ಅಕ್ಕಿಹೆಬ್ಬಾಳಿನ ಮಾತೇ ಎತ್ತಲಿಲ್ಲ. "ಮಂಚ ಈ ಗೋಡೆಗೆ ಆಕಾನ," ಅಂದಳು.

ಮಗಳು ಬಂದಳು. ಮೊಮ್ಮಗಳು ಹುಟ್ಟಿದಳು. ಹನ್ನೊಂದನೇ ದಿನದ ಪುಣ್ಯಾಹಕ್ಕೆ ಅಕ್ಕಿಹೆಬ್ಬಾಳಿನ ಭಾವನೂ ಬಂದು, ಊಟವಾದ ಮೇಲೆ ನಮ್ಮ ಹಜಾರದಲ್ಲೇ ಕಾಲು ಚಾಚಿ ಮಲಗಿದ. ಅದಾದ ಮೇಲೆ ಒಂದು ಸಂಜೆ ಸಣ್ಣದೊಂದು ಮಳೆ ಬಿತ್ತು. ಅವ್ವ ರೂಮಿನಿಂದ ಕೂಗಿದಳು: "ಲೋ, ಒಳಗೆ ತಣ್ಣಗದೆ ಕಣ್ಲಾ, ಮಗೀಗೆ ಸೀತ ಆದಾತು. ಅಗ್ಗಿಷ್ಟಿಕೇಲಿ ಒಸಿ ಕೆಂಡ ತತ್ತಾ!"

ಹಿತ್ತಲಿನ ಒಲೆಯಿಂದ ಒಳಗೊಳಗೇ ತಂದುಬಿಡಬಹುದಿತ್ತು. ನಾನು ಬೀದಿ ಬಳಸಿಕೊಂಡೇ ಬಂದೆ. ಗೆಳೆಯ ಜಗುಲಿ ಮೇಲೆ ಕೂತಿದ್ದ.

"ಬ್ಯಾಸ್ಗೇಲಿ ಕೆಂಡ ಯಾಕ್ಲಾ?"

"ನಮ್ಮನೇಲಿ ಚಳಿ ಕಣ್ಲಾ," ಅಂದೆ, ಬೀದಿಗೆಲ್ಲ ಕೇಳುವ ಹಾಗೆ.