ಅಕ್ಕ ಕೂತರೆ ಆಫ್ ಆಗುವ ಕಂಪ್ಯೂಟರ್

ಟೈಪಿಂಗ್ ಅಂಗಡಿಯ ಅಕ್ಕ ಹಟಕ್ಕೆ ಬಿದ್ದರೆ ನಮ್ಮಂಥವರ ಮಾತಿರಲಿ, ಗೋಡೆಯೇ ಪಕ್ಕಕ್ಕೆ ಸರಿಯಬೇಕು. ಆದರೆ ಈ ಸಲ ಅವರ ಕಂಪ್ಯೂಟರ್ ಅವರಿಗಿಂತ ಹಟಮಾರಿಯಾಗಿತ್ತು. ಒಂದು ಪುಟ ಮುಗಿಯುವಷ್ಟರಲ್ಲಿ ತಾನೇ ಆಫ್ ಆಗಿ, ತಾನೇ ಮತ್ತೆ ಶುರುವಾಗುತ್ತಿತ್ತು. ವಕೀಲರೊಬ್ಬರು ಟೈಪಿಗೆ ಕೊಟ್ಟಿದ್ದ ಅರ್ಜಿ ಸಂಜೆಯೊಳಗೆ ಅವರ ಕೈಸೇರದಿದ್ದರೆ ಅವರು ಇನ್ನು ಮುಂದೆ ಎದುರಂಗಡಿಯ ಗಿರಾಕಿ.

ಕಂಪ್ಯೂಟರ್ ರಿಪೇರಿ ಮಾಡುವ ಅವರ ತಮ್ಮ ಬಂದು ಪವರ್ ಸಪ್ಲೈ ಬದಲಿಸಿದ, ಫ್ಯಾನಿನ ಧೂಳು ಊದಿದ, ತಾನೇ ಕೂತು ಟೈಪ್ ಮಾಡಿ ನೋಡಿದ. ಯಂತ್ರ ಸಾಧು ಹಸುವಿನಂತಿತ್ತು.

“ನೀನು ಕೂತ್ರೆ ಮಾತ್ರ ಅದರ ಜೀವ ಹೋಗುತ್ತೆ ಕಣಕ್ಕಾ.”

“ನಾನೇನು ಯಮನ ತಂಗೀನಾ? ಟಾರ್ಚ್ ತಗೊಂಡು ಮೇಜಿನ ಕೆಳಗೆ ನುಗ್ಗು. ನಾನು ಟೈಪ್ ಮಾಡ್ತೀನಿ, ಅದೇನಾಗುತ್ತೋ ಇವತ್ತು ನೋಡೇಬಿಡೋಣ.”

ತಮ್ಮ ಗೊಣಗುತ್ತಾ ನುಗ್ಗಿದ. ಅಕ್ಕ ಕುಟ್ಟತೊಡಗಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು.

“ಅಕ್ಕಾ, ನಿನ್ನ ಪಾದ ಎಲ್ಲಿದೆ ಗೊತ್ತಾ?”

“ಕಾಲಿನ ತುದೀಲಿದೆ. ಯಾಕೆ?”

“ಕಂಪ್ಯೂಟರಿನ ಮೂಗಿನ ಮೇಲಿದೆ! ಬಿಸಿ ಗಾಳಿ ಹೊರಗೆ ಬರೋ ಜಾಗಕ್ಕೇ ಒತ್ತಿಟ್ಟಿದ್ದೀಯ. ಒಳಗೆ ಕಾದು ಕಾದು ಆಫ್ ಆಗ್ತಿದೆ.”

ಚಳಿಗೆ ಪಾದ ಬೆಚ್ಚಗಿರಲೆಂದು ಮೇಜಿನ ಕೆಳಗಿನ ಆ ಕಂಪ್ಯೂಟರ್ ಪೆಟ್ಟಿಗೆಯನ್ನು ಹಿಂದುಮುಂದಾಗಿ ತಿರುಗಿಸಿಟ್ಟವರು ಅಕ್ಕನೇ. ಅದನ್ನು ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಕುರ್ಚಿಯ ಮೇಲೆ ಚಕ್ಕಂಬಕ್ಕಲ ಹಾಕಿ, ಅರ್ಜಿಯನ್ನು ಮೊದಲ ಸಾಲಿನಿಂದ ಮತ್ತೆ ಹಿಡಿದರು. ಪಾದಗಳು ಮಂಜುಗಡ್ಡೆಯಾದವು. ಬೆರಳುಗಳು ನಿಲ್ಲಲಿಲ್ಲ, ಕಂಪ್ಯೂಟರೂ ನಿಲ್ಲಲಿಲ್ಲ.

ವಕೀಲರು ಬಾಗಿಲಿಗೆ ಬಂದಾಗ ಕೊನೆಯ ಹಾಳೆ ಪ್ರಿಂಟರಿನಿಂದ ಇಳಿಯುತ್ತಿತ್ತು. ಎದ್ದು ಕೊಡೋಣವೆಂದರೆ ಅಕ್ಕನ ಎರಡೂ ಕಾಲಿಗೆ ಜೋಮು ಹಿಡಿದಿತ್ತು.

“ಒಳಗೇ ಬಂದು ತಗೊಳ್ಳಿ ಸಾರ್,” ಎಂದರು ಕೂತಲ್ಲಿಂದಲೇ, “ನಾಳೆದು ಏನಾದ್ರೂ ಇದ್ರೆ ಈಗಲೇ ಕೊಟ್ಟುಹೋಗಿ.”