ಕಾರ್ಡ್ ಮಾರಲು ಒಲ್ಲದ ಕಾಕಾ

ಗೋಕಾಕದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅಂದು ನಾನು, ನನ್ನ ತಂಗಿ, ಅಂಗಡಿಯ ಕಾಕಾ ಮೂವರೇ ಇದ್ದೆವು. ತಂಗಿ ಮೂಡಲಗಿಯಲ್ಲಿ ಮದುವೆಯ ವಿಡಿಯೊಗಳನ್ನು ಎಡಿಟ್ ಮಾಡುತ್ತಾಳೆ. ಅವಳ ಕಂಪ್ಯೂಟರಿನ ಪರದೆ ತುಂಬ ಬರೀ ಗೆರೆಗಳು. ಕಾಕಾ ಯಾವ ಕಂಪ್ಯೂಟರನ್ನೂ ಕೂಡಲೇ ಬಿಚ್ಚುತ್ತಿರಲಿಲ್ಲ. ಮೊದಲು ಅದಕ್ಕೆ ಕಿವಿಯಿಟ್ಟು ಫ್ಯಾನಿನ ಸದ್ದು ಕೇಳುತ್ತಿದ್ದರು.

“ಗ್ರಾಫಿಕ್ಸ್ ಕಾರ್ಡ್ ಹೋಗೇತಿ. ಆದ್ರ ಈಗ ರೇಟ್ ಭಾಳ ಏರೇತಿ. ತಡೀರಿ, ಅವಸರ ಬ್ಯಾಡ,” ಎಂದರು. ಯಾರು ಏನು ಕೊಳ್ಳಲು ಬಂದರೂ ಅವರು ಹೇಳುತ್ತಿದ್ದುದು ಇದನ್ನೇ.

“ಹಿಂಗಂದ್ರ ಅಂಗಡಿ ಹೆಂಗ ನಡೀತೈತ್ರಿ ಕಾಕಾ?” ಎಂದೆ.

“ನಡಿಯೂದು ಯಾಕ ಬೇಕವ್ವಾ? ನಿಂತಿದ್ರ ಸಾಕು.”

ತಂಗಿ ನಗಲಿಲ್ಲ. “ಹುಕ್ಕೇರಿ ಮದುವಿ ವಿಡಿಯೊ ಇದರಾಗ ಐತ್ರಿ. ಮಗಳ ಮದುವ್ಯಾಗ ಕುಣಿದ ಅಪ್ಪ ಹೋದ ವಾರ ತೀರಿಕೊಂಡ್ರು. ಒಮ್ಮಿ ನೋಡಬೇಕು ಅಂತ ಅವರ ಹೆಣ್ತಿ ದಿನಾ ಫೋನ್ ಮಾಡ್ತಾರ.”

ಕಾಕಾ ತಮ್ಮ ಮೇಜಿನ ಕಂಪ್ಯೂಟರನ್ನು ಬಂದ್ ಮಾಡಿ, ಅದರ ಕಾರ್ಡ್ ತೆಗೆದು, ಬ್ರಶ್ಶಿನಿಂದ ಧೂಳು ಜಾಡಿಸಿ ಅವಳ ಕಂಪ್ಯೂಟರಿಗೆ ಹಾಕಿದರು.

“ಇದಕ್ಕ ಎಷ್ಟ್ರಿ?” ಎಂದಳು ತಂಗಿ.

“ಎತ್ತು ತಗೊಳ್ಳೂ ಮುಂದ ಹೂಡಿ ನೋಡ್ತಾರಲ್ಲ, ಹಂಗ ತಿಳಕೋ. ರೇಟ್ ಇಳಿದ ಮ್ಯಾಲ ಹೊಸಾದು ಹಾಕೂನು.”

ಎರಡು ತಿಂಗಳ ಮೇಲೆ ಬೆಲೆ ಇಳಿಯಿತು. ಹೊಸದನ್ನು ಕೊಳ್ಳಲು ಹೋದಾಗ ಕಾಕಾ ಮೊದಲು ಕೇಳಿದ್ದು, “ಆ ತಾಯಿ ನೋಡಿದ್ರೇನವ್ವಾ?”

“ಮೂರು ಸಲ ನೋಡಿದ್ರಂತ್ರಿ.”

ತಂಗಿ ತನ್ನ ಫೋನಿನಲ್ಲಿ ಆ ಅಪ್ಪನ ಕುಣಿತದ ವಿಡಿಯೊ ಹಚ್ಚಿದಳು. ಬಂದ ಗಿರಾಕಿಯನ್ನು ಕೈಸನ್ನೆಯಿಂದ ಕೂರಿಸಿ, ಕಾಕಾ ಕೊನೆಯವರೆಗೂ ನಿಂತು ನೋಡಿದರು.